ಚೌಕಾಬಾರಾಕ್ಕೆ ನಾನು ತಂದ ಸ್ಟೀಲ್ ಲೋಟ

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದದ್ದು ಮೂವತ್ತಾರನೇ ವಯಸ್ಸಿನಲ್ಲಿ. ಇದನ್ನು ಮೊಬೈಲಿನಲ್ಲಿ ಒಂದು ಬೆರಳಿನಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಬಿಟ್ಟು ಹೋಗಿದ್ದರೆ ನೀವೇ ಸೇರಿಸಿಕೊಂಡು ಓದಬೇಕು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಮೇಲೆ ನನ್ನ ಕೆಲಸ. ರವಿವಾರ ಮಷೀನ್ ಬಂದ್ ಇರುತ್ತದೆ. ನಮ್ಮ ಮನೆ ಮುಂದಿನ ಕಟ್ಟೆಗೆ ಹಾಸಿದ ಫರಸಿ ಕಲ್ಲಿನ ಮೇಲೆ ನಾನೇ ಉಳಿ ಹಿಡಿದು ಚೌಕಾಬಾರಾದ ಮನೆ ಕೊರೆದಿದ್ದೇನೆ. ಐದು ಸಾಲು, ಸಾಲಿಗೆ ಐದು ಮನೆ. ಬೇರೆ ಕಡೆ ಸೀಮೆಸುಣ್ಣದಿಂದ ಬರೆದು ಆಡುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ತಪ್ಪು ಕೊರೆದರೆ ತಪ್ಪೇ ಇರುತ್ತದೆ. ಒಂದು ಮನೆ ಸೊಟ್ಟಗಿದೆ, ಅದರ ಮೇಲೂ ಆಡುತ್ತೇವೆ.

ಗೊತ್ತಿಲ್ಲದವರಿಗೆ ಆಟ ಹೇಳಿಬಿಡುತ್ತೇನೆ. ನಾಲ್ಕು ಕವಡೆ ಕೈಯಿಂದ ಒಗೆಯಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ಇನ್ನೊಬ್ಬರ ಕಾಯಿ ಇದ್ದಲ್ಲಿ ನಮ್ಮದು ಹೋದರೆ ಅದನ್ನು ಹೊಡೆದಂತೆ, ಅದು ಮೊದಲಿನಿಂದ ಹೊರಡಬೇಕು. ಕತ್ತರಿ ಗುರುತು ಇರುವ ಮನೆಯಲ್ಲಿ ಹೊಡೆಯುವಂತಿಲ್ಲ. ಎಲ್ಲ ಕಾಯಿ ಮೊದಲು ನಡುಮನೆ ಸೇರಿಸಿದವರು ಗೆದ್ದರು.

ಗೆಲ್ಲುವುದಕ್ಕೇ ಎಲ್ಲರೂ ಆಡುತ್ತಾರೆ ಎಂದು ನಾನು ತಿಳಿದಿದ್ದೆ. ನಾಲ್ಕು ಜನರಲ್ಲಿ ಹಾಗೆ ಆಡುತ್ತಿದ್ದವನು ನಾನೊಬ್ಬನೇ.

ಒಬ್ಬರು ಲಾರಿ ಡ್ರೈವರ್. ಕೋಡ್ಲಾದಿಂದ ಸಿಮೆಂಟ್ ತುಂಬಿಕೊಂಡು ಹೋಗುತ್ತಾರೆ. ಅವರಿಗೆ ಹೊಡೆಯುವುದು ಬೇಕು. ನಡುಮನೆ ಎರಡೇ ಹೆಜ್ಜೆ ಇದ್ದರೂ ಆ ಕಾಯಿ ಅಲ್ಲೇ ಬಿಟ್ಟು ಹಿಂದಿನ ಕಾಯಿಯಿಂದ ನನ್ನದನ್ನು ಅಟ್ಟಿಸಿಕೊಂಡು ಬರುತ್ತಾರೆ. "ಒಳಗ ಹೋಗ್ರೆಪಾ, ಗೆಲ್ತೀರಿ" ಎಂದು ನಾನೇ ಹೇಳಿದರೆ, "ಒಳಗ ಹೋಗಿ ಏನ್ ಮಾಡ್ಲಿ? ಅಲ್ಲಿ ಯಾರೂ ಇಲ್ಲ" ಎನ್ನುತ್ತಾರೆ.

ಇನ್ನೊಬ್ಬರು ಚಿತ್ತಾಪುರದ ಆಫೀಸೊಂದರಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಅವರಿಗೆ ಬೇಕಾದದ್ದು ಕಾನೂನು. ಆಟದ ನಿಯಮಗಳನ್ನು ಒಂದು ವಹಿಯಲ್ಲಿ ನಂಬರ್ ಹಾಕಿ ಬರೆದಿದ್ದಾರೆ. ತಕರಾರು ಇಲ್ಲದ ರವಿವಾರ ಅವರು ಬೇಗ ಮನೆಗೆ ಹೋಗುತ್ತಾರೆ.

ನಾಲ್ಕನೆಯವರು ಟೇಲರ್ ಮಾಸ್ಟರ್. ಅವರಿಗೆ ಹಗುರವಾಗಿ ಲಕ್ವಾ ಹೊಡೆದು ಬಲಗೈಯ ಬೆರಳು ಸೋತಿದ್ದವು. ಸಣ್ಣ ಸಾಮಾನು ಹಿಡಿಯಿರಿ, ಬಿಡಿರಿ, ದಿನಾ ರೂಢಿ ಮಾಡಿರಿ ಎಂದು ಡಾಕ್ಟರ್ ಹೇಳಿದ್ದರಂತೆ. ಬೆರಳು ಬಂದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೈ ಹೋಗಿದೆ ಎಂದು ಗಿರಾಕಿಗಳಿಗೆ ತಿಳಿದರೆ ಬಟ್ಟೆ ಬೇರೆ ಕಡೆ ಹೋಗುತ್ತವೆ ಎಂದು ಯಾರಿಗೂ ಹೇಳಿರಲಿಲ್ಲ. ಕವಡೆ ಒಗೆಯಲಿಕ್ಕೆ, ಕಾಯಿ ಎತ್ತಿ ಇಡಲಿಕ್ಕೆ ಅವರು ನಮ್ಮ ಕಟ್ಟೆಗೆ ಬರುತ್ತಿದ್ದರು. ನಿಮಗೆ ಈಗಲೇ ಹೇಳಿಬಿಟ್ಟೆ. ನನಗೆ ಆಗ ಗೊತ್ತಿರಲಿಲ್ಲ.

ನನಗೆ ಕಂಡದ್ದು ಇಷ್ಟು. ಮಾಸ್ಟರ್ ಕಾಯಿಗೆ ಅಂಗಿ ಗುಂಡಿ ತರುತ್ತಿದ್ದರು. ತಮ್ಮ ಕಾಯಿಯ ಜೊತೆಗೆ ನಮ್ಮ ಕಾಯಿಯನ್ನೂ ತಾವೇ ನಡೆಸುತ್ತಿದ್ದರು. ಕವಡೆ ಒಗೆಯುವಾಗ ಮುಷ್ಟಿ ಪೂರ್ತಿ ಬಿಚ್ಚುತ್ತಿರಲಿಲ್ಲ. ಕವಡೆಗಳು ಒಂದರ ಹಿಂದೊಂದು ಅಲ್ಲೇ ಗುಂಪಾಗಿ ಬೀಳುತ್ತಿದ್ದವು.

ಗುಮಾಸ್ತರು ಒಂದು ದಿನ ವಹಿ ತೆಗೆದರು. "ಮಾಸ್ಟರ್, ಇದಕ್ಕ ಒಗಿಯೋದು ಅನ್ನಂಗಿಲ್ಲರಿ. ಇಡೋದು ಅಂತಾರ."

"ಒಗದೀನಲ್ರಿ."

"ಎಲ್ಲಿ ಒಗದೀರಿ? ಮೊಟ್ಟಿ ಇಟ್ಟಂಗ ಇಡಾಕತ್ತೀರಿ."

"ನಾಲ್ಕು ಬೇಕಾದ್ರ ನಾಲ್ಕು ಇಡ್ತಾರ ಬಿಡ್ರಿ, ಟೇಲರ್ ಅಲ್ಲೇನು, ಅಳತಿ ಗೊತ್ತದ" ಎಂದರು ಡ್ರೈವರ್.

ಮಾಸ್ಟರ್ ನಕ್ಕರು. ಆ ದಿನ ಅವರಿಗೆ ಒಂದು ಸಲವೂ ನಾಲ್ಕು ಬಿದ್ದಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ.

ಜಗಳ ಆಗಬಾರದೆಂದು ನಾನು ಒಂದು ಉಪಾಯ ಮಾಡಿದೆ. ಒಳಗಿನಿಂದ ಸ್ಟೀಲ್ ಲೋಟ ತಂದೆ. ಕವಡೆ ಲೋಟಕ್ಕೆ ಹಾಕಬೇಕು, ಅಲುಗಾಡಿಸಿ ಸುರಿಯಬೇಕು. ಇನ್ನೊಬ್ಬರ ಕಾಯಿ ಮುಟ್ಟುವಂತಿಲ್ಲ. ಗುಮಾಸ್ತರು ಕೂಡಲೇ ಬರೆದುಕೊಂಡು ಎರಡು ನಂಬರ್ ಕೊಟ್ಟರು. ಒಳ್ಳೆ ಕೆಲಸ ಮಾಡಿದೆ ಎಂದು ನನಗೆ ಸಮಾಧಾನವಾಯಿತು. ಆ ಆಟ ನಾನೇ ಗೆದ್ದೆ.

ಮಾಸ್ಟರ್ ಮುಂದಿನ ರವಿವಾರ ಬಂದು ಲೋಟವನ್ನು ಎಡಗೈಯಿಂದ ಸುರಿದು ಆಡಿದರು. ಅದರ ಮುಂದಿನ ರವಿವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಮೂರು ಜನ ಆಡಿ ನೋಡಿದೆವು. ಹೊಡೆಯಲಿಕ್ಕೆ ಕಾಯಿ ಕಡಿಮೆ ಎಂದು ಡ್ರೈವರ್ ಬೇಸರ ಮಾಡಿಕೊಂಡರು.

ನನ್ನ ಒಂದು ಪ್ಯಾಂಟ್ ಮಾಸ್ಟರ್ ಹತ್ತಿರ ಎರಡು ತಿಂಗಳಿಂದ ಬಿದ್ದಿತ್ತು. ಅದನ್ನು ಕೇಳುವ ನೆಪದಲ್ಲಿ ಅಂಗಡಿಗೆ ಹೋದೆ. ಮಾಸ್ಟರ್ ಮಷೀನ್ ಮುಂದೆ ಕುಳಿತಿದ್ದರು, ಮಷೀನ್ ನಡೆಯುತ್ತಿರಲಿಲ್ಲ. ಬಲಗೈಯಲ್ಲಿ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿರುವಾಗಲೇ ಸೂಜಿ ಎರಡು ಸಲ ಕೆಳಗೆ ಬಿತ್ತು. ಎರಡನೇ ಸಲ ಎತ್ತಿಕೊಟ್ಟವನು ನಾನು.

"ನಿಮ್ಮ ಪ್ಯಾಂಟ್ ಆಗಿಲ್ಲರಿ" ಎಂದರು.

"ಆಗ್ಲಿ ಬಿಡ್ರಿ. ಆಟಕ್ಕ ಯಾಕ ಬರವಲ್ರಿ?"

ಅವರು ಹೊರಗೆ ಯಾರಾದರೂ ಇದ್ದಾರೇನು ನೋಡಿ, ಲಕ್ವಾದ ಬಗ್ಗೆ ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದರು. ಕಡೆಗೆ, "ಲೋಟಾ ಬಂದ ಮ್ಯಾಗ ಅಲ್ಲಿ ನನಗೇನು ಕೆಲಸ ಅದ ಹೇಳ್ರಿ. ಮನ್ಯಾಗೂ ಗುಂಡಿ ಎತ್ತಿ ಇಡ್ತೀನಿ. ಹತ್ತು ಸಲ ಎತ್ತಿದ್ರ ಬ್ಯಾಸರ ಬರ್ತದ. ನಿಮ್ಮ ಕಟ್ಟಿ ಮ್ಯಾಗ ನೂರು ಸಲ ಎತ್ತಿದ್ರೂ ಗೊತ್ತಾಗ್ತಿದ್ದಿಲ್ಲ" ಎಂದರು.

"ಲೋಟಾ ತಗಸ್ತೀನಿ" ಎಂದೆ.

"ಹಕೀಕತ್ ಹೇಳಬ್ಯಾಡ್ರಿ ಮತ್ತ."

"ಹೇಳಂಗಿಲ್ಲ."

ಹೇಳದೆ ಲೋಟ ತೆಗೆಸುವುದು ಕಷ್ಟವಿತ್ತು, ಅದಕ್ಕೆ ವಹಿಯಲ್ಲಿ ನಂಬರ್ ಬಿದ್ದಿತ್ತಲ್ಲ. ಲೋಟದ ಸಪ್ಪಳಕ್ಕೆ ಮನೆಯವಳಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ ಎಂದು ಗುಮಾಸ್ತರಿಗೆ ಹೇಳಿದೆ. ಒಳಗಿನಿಂದ ನನ್ನ ಹೆಂಡತಿ, "ನಾ ಯಾವಾಗ ಮಧ್ಯಾಹ್ನ ಮಲಗೀನಿ?" ಎಂದಳು.

ಆಮೇಲೆ ನನಗೆ ತಿಳಿಯಿತು, ಗುಮಾಸ್ತರಿಂದ ಒಂದು ನಿಯಮ ಕಸಿಯಬೇಕಾದರೆ ಇನ್ನೊಂದು ನಿಯಮ ಕೊಡಬೇಕು. "ಸಾಹೇಬ್ರ, ಹಿಂದಿನವರು ಲೋಟಾ ಹಿಡದು ಆಡ್ತಿದ್ರೇನ್ರಿ?" ಎಂದೆ.

ಅವರು ವಹಿಯ ಹಾಳೆ ಹಿಂದೆ ಮುಂದೆ ತಿರುವಿದರು. "ಇಲ್ಲ. ಕೈಲೇ ಒಗಿತಿದ್ರು."

"ಹಂಗಾದ್ರ ಕೈಲೇ ಒಗಿಯೋಣ. ಕವಡಿಗೆ ಕವಡಿ ತಾಗಿ ಬಿದ್ರ ಅದು ನಡಿಯಂಗಿಲ್ಲ. ಎತ್ತಿ ಮತ್ತ ಒಗಿಬೇಕು. ಬಿಡಿಬಿಡಿಯಾಗಿ ಬೀಳೋ ತನಕ."

"ಎಷ್ಟು ಸಲ?"

"ಎಷ್ಟು ಸಲ ಆದ್ರೂ."

ಅವರು ಪೆನ್ನು ತೆಗೆದರು. "ಇದು ಬರಾಬರ್ ಅದ. ಲೋಟಾ ಯಾರು ತಂದಿದ್ರು?"

"ನಾನ್ರಿ."

"ಇನ್ ಮ್ಯಾಲ ಕೇಳಿ ಮಾಡ್ರಿ."

ಡ್ರೈವರ್ ಒಪ್ಪಲಿಲ್ಲ. ಒಬ್ಬರೇ ಒಗೆಯುತ್ತ ಕುಳಿತರೆ ತಮ್ಮ ಪಾಳಿ ಯಾವಾಗ ಬರಬೇಕು ಎಂದರು. ಅವರಿಗೂ ಏನಾದರೂ ಕೊಡಬೇಕಿತ್ತು. ನನ್ನ ಎದುರಿನ ಕತ್ತರಿ ಮನೆಯಲ್ಲೂ ಇನ್ನು ಮುಂದೆ ಹೊಡೆಯಬಹುದು ಎಂದೆ. ನನ್ನ ಕಾಯಿಗಳು ಅಡಗಿ ಕೂರುವ ಜಾಗವೇ ಅದು. ಡ್ರೈವರ್ ಕೂಡಲೇ ಒಪ್ಪಿಕೊಂಡರು. ಬೇರೆಯವರ ಕಾಯಿ ನಡೆಸಬಾರದು ಎಂಬ ನಿಯಮವನ್ನು, ಯಾರಿಗೂ ಬಗ್ಗಿ ಕಾಯಿ ಎತ್ತಲು ಮನಸ್ಸಿಲ್ಲವೆಂದು ಡ್ರೈವರೇ ತೆಗೆಸಿದರು.

ಮಾಸ್ಟರ್ ಮತ್ತೆ ಬರತೊಡಗಿದರು. ಅವರ ಕವಡೆ ಒಂದಕ್ಕೊಂದು ತಾಗಿಯೇ ಬೀಳುತ್ತಿದ್ದವು. ಒಂದು ಪಾಳಿಗೆ ಏಳೆಂಟು ಸಲ ಎತ್ತಿ ಒಗೆಯಬೇಕಾಗುತ್ತಿತ್ತು. ಪ್ರತಿ ಸಲ ಗುಮಾಸ್ತರು "ತಾಗ್ಯಾವ. ಮತ್ತ ಒಗಿರಿ" ಎನ್ನುತ್ತಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಹಿಂದೆ ನೋಡಿರಲಿಲ್ಲ. ಡ್ರೈವರ್ ನನ್ನ ಕಾಯಿ ಹೊಡೆಯುತ್ತಿದ್ದರು. ಹೊಡೆದ ಕಾಯಿಯನ್ನು ಮಾಸ್ಟರ್ ಎತ್ತಿ ಮೊದಲಿನ ಮನೆಯಲ್ಲಿ ಇಡುತ್ತಿದ್ದರು. ನಾನು ಗೆಲ್ಲುವುದು ನಿಂತುಹೋಯಿತು.

ಹೀಗೆ ಆರು ತಿಂಗಳು ನಡೆಯಿತು. ಎಂಟು ಸಲ ಹೋಗಿ ಐದಾಯಿತು, ಐದು ಹೋಗಿ ಎರಡಾಯಿತು. ಒಂದು ರವಿವಾರ ಮಾಸ್ಟರ್ ಮುಷ್ಟಿ ಪೂರ್ತಿ ಬಿಚ್ಚಿ ಒಗೆದರು. ನಾಲ್ಕೂ ಕವಡೆ ಚದುರಿದವು. ಒಂದು ಕಟ್ಟೆ ದಾಟಿ ಗಟಾರದ ತನಕ ಹೋಯಿತು.

"ಹೊರಗ ಹೋಗ್ಯದ. ನಡಿಯಂಗಿಲ್ಲ" ಎಂದರು ಗುಮಾಸ್ತರು.

ಮಾಸ್ಟರ್ ತಮ್ಮ ಕೈಯನ್ನೇ ನೋಡುತ್ತ ಕುಳಿತಿದ್ದರು. "ನಡಿಲಿಲ್ಲಂದ್ರ ಇರ್ಲಿ ಬಿಡ್ರಿ" ಎಂದರು.

ಆ ತಿಂಗಳು ನನ್ನ ಪ್ಯಾಂಟ್ ಬಂತು. ಮುಂದೆ ಲಗ್ನದ ಸೀಜನ್ ಹತ್ತಿತು. ಮಾಸ್ಟರ್ ಅಂಗಡಿಯಲ್ಲಿ ಕುಪ್ಪಸದ ರಾಶಿ ಬಿತ್ತು, ಆಟಕ್ಕೆ ಬರಲು ಅವರಿಗೆ ಸಮಯ ಸಿಗಲಿಲ್ಲ. ಈಗ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಇದನ್ನು ಬರೆಯಲೇನು ಎಂದು ಕೇಳಿದ್ದಕ್ಕೆ, "ಬರೀರಿ, ಈಗೇನು? ಅಂಗಡಿ ಯಾವ ಗಲ್ಯಾಗ ಅದ ಅಂತ ಬರಿಬ್ಯಾಡ್ರಿ. ಇದ್ದ ಬಟ್ಟಿನೇ ಹೊಲಿಲಾಕ ಆಗವಲ್ದು" ಎಂದರು.

ನಮಗೆ ಈಗ ಒಬ್ಬರು ಕಡಿಮೆ. ಹೊಸಬರು ಯಾರಾದರೂ ಬಂದು ಕುಳಿತರೆ ನಾನು ಮೊದಲು ಅವರ ಕವಡೆ ನೋಡುವುದಿಲ್ಲ, ಇವರು ಯಾತಕ್ಕೆ ಬಂದಿರಬಹುದು ಎಂದು ನೋಡುತ್ತೇನೆ. ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ನಿಮ್ಮ ಜೊತೆಯೂ ಗೆಲ್ಲುವ ಆಸೆ ಇಲ್ಲದೆ ಆಡಲು ಬರುವವರು ಇರಬಹುದು. ಅವರು ಯಾಕೆ ಬರುತ್ತಿದ್ದರು, ನಿಮಗೆ ಹೇಗೆ ಗೊತ್ತಾಯಿತು, ದಯಮಾಡಿ ಬರೆದು ತಿಳಿಸಿರಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.