ಊರಿನ ಹಲಗೆ ಕಾಯುವವಳು

ಬೇರೆಯವರ ಸಂಗತಿ ತಿಳಿದುಕೊಳ್ಳುವ ಚಟ ಡೆಲ್ಫೀನ್ ಪೆಲ್ಕಿಗೆ ಚಿಕ್ಕಂದಿನಿಂದಲೂ ಇತ್ತು. ಅವಳು ಅಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದ್ದು ಸಂಬಳಕ್ಕಿಂತ ಹಿಂದಿನ ಸೀಟುಗಳ ಹರಟೆ ಕೇಳಲಿಕ್ಕೇ ಇರಬೇಕು. ನಿವೃತ್ತಳಾದ ಮೇಲೆ, ವರ್ಮಾಂಟಿನ ಆ ಪುಟ್ಟ ಊರಿನ ಜಾಲತಾಣ ನೋಡಿಕೊಳ್ಳುವ ಕೆಲಸ ತಾನಾಗಿ ಬಂದು ಅವಳ ಕೊರಳಿಗೆ ಬಿತ್ತು. ಊರವರು ಅದನ್ನು 'ಹಲಗೆ' ಎನ್ನುತ್ತಿದ್ದರು. ಕಳೆದುಹೋದ ಬೆಕ್ಕು, ಮಾರಾಟಕ್ಕಿರುವ ಸೌದೆ, ಕೆಸರಿನಲ್ಲಿ ಹೂತ ಕಾರು, ಎಲ್ಲಕ್ಕೂ ಅಲ್ಲೇ ಜಾಗ. ಬೈಗುಳ ಕಂಡರೆ ಡೆಲ್ಫೀನ್ ಅಳಿಸುತ್ತಿದ್ದಳು. ತಲೆಬರಹದ ಕೊನೆಗೆ ಯಾರಾದರೂ ಸಾಲಾಗಿ ಆಶ್ಚರ್ಯದ, ಪ್ರಶ್ನೆಯ ಚಿಹ್ನೆ ಹೊಡೆದರೂ ಅವಳಿಗಾಗದು. ಬರೆಯುವುದರಲ್ಲೂ ಕಿರುಚಾಟವೇ ಎಂದು ಗೊಣಗಿ ಅವನ್ನೆಲ್ಲ ಗುಡಿಸಿಹಾಕುತ್ತಿದ್ದಳು.

ಕಾಯಿಸಿ ಸಿರಪ್ ಮಾಡುವ ಸಿಹಿ ರಸ ಮೇಪಲ್ ಮರಗಳಿಂದ ಇಳಿಯತೊಡಗಿದ ಮಾರ್ಚಿನಲ್ಲಿ, 'ಹಳೇ ಬಕೆಟ್' ಎಂಬ ಹೆಸರಿನವರೊಬ್ಬರ ಬರಹ ಹಲಗೆಯ ಮೇಲೆ ಬಂತು. ತಲೆಬರಹ ಹೀಗಿತ್ತು: 'ಆಲ್ಡನ್ ಕಟಿಂಗ್ ಸಿರಪ್ಪಿಗೆ ಜೋಳದ ಪಾಕ ಬೆರೆಸುತ್ತಾನೆ'. ಆ ಊರಿನಲ್ಲಿ ಒಬ್ಬನನ್ನು ಕುಡುಕ ಎನ್ನಬಹುದು, ಸೋಮಾರಿ ಎನ್ನಬಹುದು, ನಾಳೆ ಎಲ್ಲರೂ ಮರೆಯುತ್ತಾರೆ. ಸಿರಪ್ಪಿಗೆ ಕಲಬೆರಕೆ ಮಾಡಿದವನು ಎಂದರೆ ಮುಗಿಯಿತು, ಅವನು ಚರ್ಚಿನಲ್ಲೂ ತಲೆಯೆತ್ತುವಂತಿಲ್ಲ. ಪಕ್ಕದೂರಿನ ಹೋಟೆಲಿನವರು ಆಲ್ಡನ್ನನ ಸಿರಪ್ ಡಬ್ಬಗಳನ್ನು ವಾಪಸು ಕಳಿಸಿದರು.

ಆಲ್ಡನ್ ಡೆಲ್ಫೀನಳ ಸಹಪಾಠಿ. ಪ್ರತಿ ವಸಂತದಲ್ಲೂ ಮೊದಲ ಕುದಿಯ ಸಿರಪ್ಪಿನ ಜಾಡಿಯೊಂದನ್ನು ಅವಳ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಆ ಸಲ ಜಾಡಿ ಬರಲಿಲ್ಲ, ಅವನೇ ಬಂದ.

"ಅದನ್ನ ತೆಗಿ, ಡೆಲ್ಫಿ."

"ಬೆಳಿಗ್ಗೆನೇ ತೆಗೆದೆ ಕಣೋ. ಬರೆದೋಳು ನಾನಾ?"

"ಶನಿವಾರ, ಭಾನುವಾರ ಪೂರ್ತಿ ಅಲ್ಲೇ ಇತ್ತಲ್ಲ! ಊರೆಲ್ಲ ಓದಾದ ಮೇಲೆ ತೆಗೆದು ಏನು ಉಪ್ಪಿನಕಾಯಿ ಹಾಕ್ತೀಯಾ? ಬಕೆಟ್ ಯಾವನೋ ನಂಗೊತ್ತಿಲ್ಲ. ಕೇಸು ನಿನ್ನ ಮೇಲೇ ಹಾಕ್ತೀನಿ."

ಡೆಲ್ಫೀನಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಕುತೂಹಲವಾಯಿತು. ಯಾರೋ ಬರೆದರೆ ಹಲಗೆ ಕಾಯುವವಳು ಹೇಗೆ ಹೊಣೆ? ತಂಗಿಯ ಮಗಳು ಕೊಲೆಟ್ ಬರ್ಲಿಂಗ್ಟನ್ನಿನಲ್ಲಿ ವಕೀಲೆ. ಅವಳಿಗೆ ಫೋನು ಮಾಡಿದಳು.

"ಆರಾಮಾಗಿರು, ದೊಡ್ಡಮ್ಮ. ಬೇರೆಯವರು ಬರೆದದ್ದಕ್ಕೆ ತಾಣ ನಡೆಸೋರು ಹೊಣೆ ಅಲ್ಲ ಅಂತ ದೇಶದ ಕಾನೂನೇ ಇದೆ."

"ನಾನು ಕೆಲವು ಅಳಿಸ್ತೀನಿ, ಕೆಲವು ಬಿಡ್ತೀನಲ್ಲೇ. ಆಗ?"

"ಆಗ್ಲೂ ಅಲ್ಲ."

"ತಿದ್ದಿದ್ರೆ?"

"ಕಾಗುಣಿತ ತಿದ್ದಿದ್ರೆ ಏನೂ ಆಗಲ್ಲ. ಅರ್ಥಾನೇ ಬದಲಾಗೋ ಹಾಗೆ ತಿದ್ದಿದ್ರೆ ಮಾತ್ರ ಆ ಮಾತು ನಿಂದಾಗುತ್ತೆ. ನೀನೇನಾದ್ರೂ ಸೇರಿಸಿದ್ಯಾ?"

"ಒಂದಕ್ಷರಾನೂ ಇಲ್ಲ," ಎಂದಳು ಡೆಲ್ಫೀನ್, ಹೆಮ್ಮೆಯಿಂದಲೇ.

ಫೋನಿಟ್ಟು ನೆಮ್ಮದಿಯಾಗಿ ಕಾಫಿ ಕುಡಿಯಬಹುದಿತ್ತು. ಹಾಳು ಕುತೂಹಲ ಬಿಡಬೇಕಲ್ಲ! ತೆಗೆದುಹಾಕಿದ ಬರಹಗಳ ಮೂಲರೂಪವನ್ನು ತಾಣ ಉಳಿಸಿಕೊಂಡಿರುತ್ತಿತ್ತು. ತೆರೆದು ನೋಡಿದಳು. 'ಆಲ್ಡನ್ ಕಟಿಂಗ್ ಸಿರಪ್ಪಿಗೆ ಜೋಳದ ಪಾಕ ಬೆರೆಸುತ್ತಾನೆ???' ಕೆಳಗೆ ಹಳೇ ಬಕೆಟ್ ಬರೆದದ್ದು ಇಷ್ಟು: 'ಸಂತೆಯಲ್ಲಿ ಯಾರೋ ಹೀಗಂದರು. ಬಿದ್ದು ಬಿದ್ದು ನಕ್ಕೆ. ಆಲ್ಡನ್ ತನ್ನ ಕೈ ಬೇಕಾದರೂ ಕಡಿದುಕೊಂಡಾನು, ಅಂಥ ಕೆಲಸ ಮಾಡಲಾರ.'

ತಲೆಬರಹ ದಾಟಿ ಒಬ್ಬರೂ ಕೆಳಗಿಳಿದಿರಲಿಲ್ಲ. ಊರವರೂ ಇಲ್ಲ, ಆಲ್ಡನ್ನೂ ಇಲ್ಲ, ಊರಿನ ಸುದ್ದಿಯನ್ನೆಲ್ಲ ನುಂಗುವ ಡೆಲ್ಫೀನಳೂ ಇಲ್ಲ. ಅವಳು ಒಂದಕ್ಷರ ಸೇರಿಸಿರಲಿಲ್ಲ ನಿಜ, ಆದರೆ ಬರಹ ಬಂದ ದಿನವೇ ಎಂದಿನಂತೆ ಪ್ರಶ್ನೆಯ ಚಿಹ್ನೆಗಳನ್ನು ಗುಡಿಸಿದ್ದಳು. ನಾಚಿಕೆಪಡುತ್ತಲೇ ಮತ್ತೆ ಕೊಲೆಟ್‌ಗೆ ಫೋನು ಮಾಡಿ ಹೇಳಿದಳು.

"ದೇವರಾಣೆ, ಬಾಯಿ ಬಿಡಬೇಡ ದೊಡ್ಡಮ್ಮ," ಎಂದಳು ಕೊಲೆಟ್. "ಒಪ್ಕೊಂಡ್ರೆ ನಿನ್ನ ಕಾಯೋ ಕಾನೂನೇ ಕೈಬಿಡಬಹುದು."

"ಕಾನೂನು ನನ್ನ ಕಾಯುತ್ತೆ. ಆಲ್ಡನ್ನನ್ನ ಯಾರೇ ಕಾಯ್ತಾರೆ?"

ಕೆಸರು ತುಳಿದುಕೊಂಡು ಆಲ್ಡನ್ನನ ರಸ ಕಾಯಿಸುವ ಕೊಟ್ಟಿಗೆಗೆ ಹೋದಳು. ಹಬೆಯ ನಡುವೆ ನಿಂತು ನೊರೆ ತೆಗೆಯುತ್ತಿದ್ದವನಿಗೆ ಎಲ್ಲವನ್ನೂ ಹೇಳಿದಳು. ಅವನು ಜರಡಿ ಸೌಟು ಕೆಳಗಿಡಲಿಲ್ಲ.

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಊರಿಗೆ ಹೇಳು."

"ಹೇಳಿದ್ರೆ ನೀನು ಕೇಸು ಹಾಕ್ತೀಯ. ಗೆದ್ದೂ ಗೆಲ್ತೀಯ."

"ಹಾಕಬಹುದು," ಎಂದ ಆಲ್ಡನ್. ನಗಲಿಲ್ಲ.

ಮನೆಗೆ ಬಂದವಳೇ ಡೆಲ್ಫೀನ್ ಹಲಗೆಯ ಮೇಲೆ ಬರೆದಳು: 'ಆಲ್ಡನ್ ಕಲಬೆರಕೆ ಮಾಡಿದ್ದಾನೆ ಎಂದು ಹಳೇ ಬಕೆಟ್ ಹೇಳಲಿಲ್ಲ, ಕೇಳಿದ್ದು. ಪ್ರಶ್ನೆ ಅಳಿಸಿ ಆರೋಪ ಮಾಡಿದವಳು ನಾನು.' ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಹಳೇ ಬಕೆಟ್ಟಿನ ಬರಹವನ್ನು ಇದ್ದಂತೆಯೇ ಮತ್ತೆ ಏರಿಸಿದಳು. ಆಮೇಲೆ ಅಂಚೆಯವಳ ಗಾಡಿಯ ಸದ್ದು ಕೇಳಿದಾಗಲೆಲ್ಲ ಅವಳು ಕಿಟಕಿಗೆ ಓಡುತ್ತಿದ್ದಳು.

ಕೋರ್ಟಿನ ಕಾಗದ ಬರಲಿಲ್ಲ. ಹೋಟೆಲಿನವರು ಡಬ್ಬ ಮತ್ತೆ ತರಿಸಿಕೊಂಡರೆಂಬ ಸುದ್ದಿ ಬಂತು. ಒಂದು ಬೆಳಿಗ್ಗೆ, ಜನ್ಮದಲ್ಲೇ ಹಲಗೆಯ ಮೇಲೆ ಒಂದು ಸಾಲೂ ಬರೆಯದಿದ್ದ ಆಲ್ಡನ್ನನ ಹೆಸರಿನಲ್ಲಿ ಹೊಸ ತಲೆಬರಹ ಕಂಡಿತು:

'ಡೆಲ್ಫೀನ್ ಪೆಲ್ಕಿಗೆ ಈ ವರ್ಷವೂ ಸಿರಪ್ ಕೊಡುತ್ತೇನೆ???'

ಅವಳ ಬೆರಳು ಅಭ್ಯಾಸಬಲದಿಂದ ಅಳಿಸಲು ಹೋಯಿತು. ಈ ಸಲ ಅಳಿಸಿದ್ದರೆ ಲಾಭ ಅವಳಿಗೇ ಇತ್ತು. ಡೆಲ್ಫೀನ್ ಮುಟ್ಟಲಿಲ್ಲ. ಉತ್ತರವೇನೆಂದು ಮೆಟ್ಟಿಲ ಮೇಲೆ ನೋಡಲು ಎದ್ದು ಹೋಗಿ ಬಾಗಿಲು ತೆರೆದಳು.