ಖಾಲಿ ಹೊಟ್ಟೆಯ ಮಾತು

ಇಪ್ಪತ್ತಾರು ವರ್ಷ ಜನರ ರಕ್ತ ತೆಗೆದವಳು ಅವಳು. ಬೀದಿಯವರಿಗೆಲ್ಲ ಲ್ಯಾಬಿನಕ್ಕ. ಸೂಜಿ ಚುಚ್ಚಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ನಾಲಿಗೆಯ ಬಗ್ಗೆ ಮಾತ್ರ ಹಾಗೆ ಹೇಳುವಂತಿರಲಿಲ್ಲ.

ಕೊಬ್ಬಿನ ಪರೀಕ್ಷೆಗೆ ಬಂದವರಿಗೆ ಪಾಠ ಪುಕ್ಕಟೆ. "ಕೊಬ್ಬನ್ನ ಸುಮ್ನೆ ಬೈಬೇಡ್ರಿ. ನಿಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಕೊಬ್ಬಿನದ್ದೇ ಎರಡು ಪದರದ ಗೋಡೆ. ಅದಿಲ್ದಿದ್ರೆ ಸೋರಿಹೋಗ್ತೀರ. ಆದ್ರೆ ನೀರಲ್ಲಿ ಕರಗಲ್ಲ, ಅದೇ ಅದರ ಹಠ. ಅದಕ್ಕೇ ರಕ್ತದಲ್ಲಿ ಪ್ರೋಟೀನಿನ ಪೊಟ್ಟಣ ಕಟ್ಟಿ ಕಳಿಸ್ಬೇಕು." ಗ್ಲಿಸರಾಲ್ ಎಂಬ ಒಂದು ಅಣುವಿಗೆ ಕೊಬ್ಬಿನಾಮ್ಲದ ಮೂರು ಬಾಲ, ಹೆಚ್ಚಾಗಿ ತಿಂದದ್ದನ್ನು ಮೈ ಹೀಗೆ ಕೂಡಿಡುತ್ತದೆ ಎಂದು ಮೂರು ಬೆರಳು ಇಳಿಬಿಟ್ಟು ತೋರಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಣ್ಣ ಬಂದ. ಚಿಕ್ಕಂದಿನಿಂದ ಮನೆಯಲ್ಲಿ ಅವನಿಗೆ ತಿಂಡಿಪೋತ ಎಂದೇ ಹೆಸರು. ಡಬ್ಬಿ ಖಾಲಿ ಮಾಡಿ "ನಾನಲ್ಲ" ಎನ್ನುವುದರಲ್ಲಿ ಎತ್ತಿದ ಕೈ. ಮೇಲುಹೊಟ್ಟೆ ಆಗಾಗ ಹಿಡಿಯುತ್ತದೆಂದು ಡಾಕ್ಟರು ಕೊಬ್ಬಿನ ಪರೀಕ್ಷೆಗೆ ಚೀಟಿ ಬರೆದಿದ್ದರು. ರಾತ್ರಿಯಿಂದ ಏನೂ ತಿಂದಿಲ್ಲ ಎಂದ. ರಕ್ತ ತೆಗೆದು ಮೆಷಿನ್ನಿನಲ್ಲಿ ತಿರುಗಿಸಿದಳು. ಕೊಳವೆಯ ಮೇಲ್ಭಾಗದಲ್ಲಿ ತಿಳಿಹಳದಿ ನೀರು ನಿಲ್ಲಬೇಕಾದಲ್ಲಿ ಹಾಲಿನ ಹಾಗೆ ಬೆಳ್ಳಗೆ ನಿಂತಿತ್ತು. ಹೊಟ್ಟೆ ತುಂಬ ತಿಂದು ಬಂದವರ ರಕ್ತ ಹಾಗಾಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು.

"ಏನೇನ್ ಮುಕ್ಕಿ ಬಂದೆ, ಹೇಳು."

"ದೇವರಾಣೆ ಏನೂ ತಿಂದಿಲ್ಲ ಕಣೇ."

"ನನ್ ಕಿವಿ ಮೇಲೆ ಹೂ ಇಡ್ಬೇಡ. ನಿನ್ ರಕ್ತಾನೇ ಚಾಡಿ ಹೇಳ್ತಿದೆ!"

ಕಾಯುತ್ತಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ಅಣ್ಣನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಅವಳು ಕೊಳವೆಯನ್ನು ಬುಟ್ಟಿಗೆಸೆದು, ನಾಳೆ ಖಾಲಿ ಹೊಟ್ಟೆಯಲ್ಲಿ ಬಾ ಎಂದಳು. ಮತ್ತೆ ನಗೆಪಾಟಲಾಗುವುದು ಬೇಡವೆನಿಸಿತೇನೋ, ಅವನು ಬರಲಿಲ್ಲ. ಅವಳೂ ಕರೆಯಲಿಲ್ಲ. ಏನೂ ತಿನ್ನದಿದ್ದರೂ ಕೆಲವರ ರಕ್ತ ಹಾಗೇ ಇರುತ್ತದೆ, ಆ ಪೊಟ್ಟಣ ಬಿಚ್ಚುವ ಶಕ್ತಿ ಅವರ ಮೈಗೆ ಇರುವುದಿಲ್ಲ. ಇದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅಣ್ಣನ ವಿಷಯದಲ್ಲಿ ಹೊಳೆಯಲಿಲ್ಲ, ಅಷ್ಟೆ.

ಒಂದೂವರೆ ವರ್ಷದ ಮೇಲೆ ಮೇದೋಜೀರಕ ಗ್ರಂಥಿ ಊದಿಕೊಂಡು ಅಣ್ಣ ಆಸ್ಪತ್ರೆ ಸೇರಿದ. ರಕ್ತದಲ್ಲಿ ಕೊಬ್ಬು ವರ್ಷಗಳಿಂದ ಮಿತಿಮೀರಿಯೇ ಹೀಗಾಗಿರಬೇಕು, ಮೊದಲೇ ಗೊತ್ತಾಗಿದ್ದರೆ ಮಾತ್ರೆ ಪಥ್ಯಗಳಲ್ಲಿ ಹಿಡಿತಕ್ಕೆ ಬರುತ್ತಿತ್ತು ಎಂದರು ಅಲ್ಲಿಯ ಡಾಕ್ಟರು. ಅವಳಿಗೆ ಬುಟ್ಟಿಗೆಸೆದ ಆ ಬಿಳಿ ಕೊಳವೆ ನೆನಪಾಯಿತು. ಹೋಗಿ ಅಣ್ಣನ ಮಂಚದ ಪಕ್ಕ ಕೂತಳು.

"ಅಣ್ಣಾ, ನಿಜ ಹೇಳು. ಅವತ್ತು ಲ್ಯಾಬಿಗೆ ತಿಂದೇ ಬಂದಿದ್ದೆ ತಾನೇ?"

ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಹೂಂ ಕಣೇ. ಚೆನ್ನಾಗೇ ಬಾರಿಸಿದ್ದೆ. ನಿನ್ ಕೈಲಿ ಸಿಕ್ಕಿಬಿದ್ದೆ."

ಅವಳಿಗೆ ಹೋದ ಜೀವ ಬಂದಂತಾಯಿತು. ಸಾಲದ್ದಕ್ಕೆ ನಾಲ್ಕು ಮಾತು ಬೈದಳು ಕೂಡ. ಮೂರು ದಿನದಲ್ಲಿ ಅಣ್ಣ ತೀರಿಕೊಂಡ.

ತಿಂಗಳು ಕಳೆದ ಮೇಲೆ, ಅತ್ತಿಗೆಯ ಜೊತೆ ಕೂತು ಅವನ ಬಟ್ಟೆ ಮಡಿಸುವಾಗ ಆ ಮಾತು ಬಂತು. "ಅವತ್ತೊಂದಿನ ಲ್ಯಾಬಿಗೆ ತಿನ್ನದೆ ಬಂದಿದ್ರೆ ಉಳ್ಕೋತಿದ್ದ, ಅತ್ತಿಗೆ" ಎಂದಳು.

ಅತ್ತಿಗೆಯ ಕೈ ನಿಂತಿತು. "ಅವತ್ತು ಕಾಫಿ ಕೂಡ ಮುಟ್ಟಿರ್ಲಿಲ್ಲವಲ್ಲ! ತಂಗಿ ಹತ್ರ ಸುಳ್ಳು ನಡಿಯಲ್ಲ, ಮೆಷಿನ್ನು ಹಿಡಿದುಬಿಡುತ್ತೆ ಅಂತ ಹೆದರ್ಕೊಂಡೇ ಬಂದಿದ್ರು."

ಅರ್ಧ ಮಡಿಸಿದ ಅಂಗಿಯನ್ನು ಅವಳು ಬಿಚ್ಚಿ, ಮತ್ತೆ ಮೊದಲಿಂದ ಮಡಿಸಿದಳು. ಅಣ್ಣನ ಸುಳ್ಳುಗಳನ್ನೆಲ್ಲ ಜೀವಮಾನವಿಡೀ ಹಿಡಿದವಳಿಗೆ ಕೊನೆಯದೊಂದು ಮಾತ್ರ ಸಿಕ್ಕಿರಲಿಲ್ಲ.