ಲೇಬಲ್ ಬದಲಿಸಿದ ತಾತ

"ನಿಮ್ಮ ಮನೆಯವರು ಹೆಂಡ ಮಾಡ್ತಿದ್ರಂತೆ, ಹೌದಾ?" ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿಬಿಟ್ಟೆ. ಮೊಮ್ಮಗಳು ಮದುವೆಯಾಗುತ್ತೇನೆಂದು ಜಾರ್ಜ್‌ಟೌನ್‌ನ ನಮ್ಮ ಮನೆಗೆ ಕರೆತಂದಿದ್ದ ಚಿಲಿ ದೇಶದ ಹುಡುಗ ಅವನು. ಅವನು ತಂದ ವೈನ್ ಬಾಟಲಿಯನ್ನು ಒಳಗೆ ಬಿಡದೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಡಿಸಿದ್ದೆ.

"ಅಜ್ಜಿ, ಪ್ಲೀಸ್, ಬಿ ನೈಸ್!" ಎಂದಳು ಮೊಮ್ಮಗಳು.

ತುಂಬಾ ಸ್ವೀಟಾಗಿ ನಗುವವರ ಮೇಲೆ ನನಗೆ ಮೊದಲಿನಿಂದಲೂ ಡೌಟು. ನಮ್ಮ ಯಜಮಾನರು ಇದ್ದಿದ್ದರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಇವನನ್ನು ಅಳೆದುಬಿಡುತ್ತಿದ್ದರು.

ಅವನ ತಾತ ದ್ರಾಕ್ಷಿ ಬೆಳೆದು, 'ಮೆರ್ಲೋ' ಎಂಬ ದ್ರಾಕ್ಷಿ ತಳಿಯ ಹೆಸರಿನಲ್ಲಿ ವೈನ್ ಮಾರುತ್ತಿದ್ದರಂತೆ. ಆಮೇಲೆ ಎಕ್ಸ್‌ಪರ್ಟುಗಳು ಬಂದು, ಚಿಲಿಯವರು ಮೆರ್ಲೋ ಅಂದುಕೊಂಡದ್ದರಲ್ಲಿ ಬಹಳಷ್ಟು 'ಕಾರ್ಮನೇರ್' ಎಂಬ ಬೇರೆಯೇ ತಳಿ ಎಂದರಂತೆ. ಹೊಸ ಹೆಸರಿಗೆ ಗಿರಾಕಿಗಳಿಲ್ಲವೆಂದು ಅಕ್ಕಪಕ್ಕದವರು ಸುಮ್ಮನಿದ್ದರೂ ತಾತ ಮಾತ್ರ ಲೇಬಲ್ ಬದಲಿಸಿದರಂತೆ.

ಚೆನ್ನಾಗಿ ರಿಹರ್ಸಲ್ ಮಾಡಿಕೊಂಡು ಬಂದಿದ್ದಾನೆ ಅನ್ನಿಸಿತು. "ಆಮೇಲೆ ದೊಡ್ಡ ಶ್ರೀಮಂತರಾದ್ರು, ಅಲ್ವಾ?" ಎಂದೆ.

"ನೋ ಮ್ಯಾಮ್, ತೋಟ ಹೋಯ್ತು. ಈಗ ನಮ್ಮ ದೇಶಕ್ಕೆ ಆ ಹೆಸರೇ ಹೆಮ್ಮೆ. ಅದನ್ನ ನೋಡೋಕೆ ತಾತ ಇರಲಿಲ್ಲ." ಈ ಸಲ ಅವನು ನಗಲಿಲ್ಲ.

ವೈನ್ ನಾನು ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ. ಆದರೆ ಕಥೆ ಕಟ್ಟುವವನಾಗಿದ್ದರೆ ಕೊನೆಗೆ ತಾತನನ್ನು ಗೆಲ್ಲಿಸುತ್ತಿದ್ದ. ಆ ದಿನ ಊಟಕ್ಕೆ ಕೂತಾಗ ನಾನು ಮೊದಲು ತುಪ್ಪ ಬಡಿಸಿದ್ದು ಅವನ ತಟ್ಟೆಗೆ.